ಮುಂತಾದವರು ಉಪಸ್ಥಿತರಿದ್ದರು

ನಮ್ಮ ಪತ್ರಿಕೆ ಸಣ್ಣದು, ಆದ್ರ ಅದರಾಗ ಆಗೋ ಫಜೀತಿ ಸಣ್ಣವಲ್ಲ. ಒಂದು ಮುಗೀತು ಅಂತ ಚಹಾ ಕುಡಿಯಾಕ ಕುಂತ್ರ ಇನ್ನೊಂದಕ್ಕ ಫೋನ್ ಬರತೈತಿ.

ನಾ ಹಾವೇರಿ ಆಫೀಸಿನ್ಯಾಗ ಇರಾಕಿ. ನಮ್ಮ ವರದಿಗಾರರು ಈಗ ಮೊಬೈಲಿನ್ಯಾಗ ಒಂದು ಫಾರ್ಮ್ ತುಂಬಿ ಸುದ್ದಿ ಕಳಸ್ತಾರ. ಅದು ಕ್ಲೌಡಿಗೆ ಹೋಗಿ, ನಾ ಒಂದು ಗುಂಡಿ ಒತ್ತಿದ್ರ ಅಲ್ಲಿಂದ ವೆಬ್‌ಸೈಟಿಗೆ ಬರತೈತಿ. ಫಾರ್ಮಿನ ಯಾವ ಕಾಲಂ ಕಡ್ಡಾಯ, ಯಾವುದರಾಗ ಎಷ್ಟು ಹಿಡೀಬೇಕು, ಯಾವುದು ತಾನ ತುಂಬಿ ಬರಬೇಕು, ಇದನ್ನ ಹೊಂದಸೋದು ನನ್ನ ಕೆಲಸ. ಕುಂತಲ್ಲೇ ಮಾಡೋ ಕೆಲಸ, ಆರಾಮ ಅಂತಾರ ಮಂದಿ. ಅನ್ಲಿ ಬಿಡ್ರಿ.

೧. ಕರೆಂಟ್ ಹೋದ ಫೋಟೋ

ಫೋಟೋ ಇಲ್ಲದ ಸುದ್ದಿ ಯಾರೂ ಓದಂಗಿಲ್ಲ ಅಂತ ಸಂಪಾದಕರು ಹಟ ಹಿಡಿದ್ರು. ಫೋಟೋದ ಕಾಲಂ ಕಡ್ಡಾಯ ಮಾಡಿದೆ. ಫೋಟೋ ಹಾಕದಿದ್ರ ಸುದ್ದಿ ಮುಂದ ಹೋಗಂಗಿಲ್ಲ.

ಮರುದಿನ ರಾಣೆಬೆನ್ನೂರಿನ ವರದಿಗಾರ್ತಿ ಅಕ್ಕಾರು 'ನಾಳೆ ವಿದ್ಯುತ್ ವ್ಯತ್ಯಯ' ಅಂತ ಸುದ್ದಿ ಕಳಿಸಿದ್ರು. ಜೋಡಿ ಒಂದು ಫೋಟೋ, ಪೂರಾ ಕರ್ರಗ.

"ಅಕ್ಕಾರ, ಫೋಟೋ ಸರಿ ಬಂದಿಲ್ರಿ. ಬರೇ ಕಪ್ಪ ಕಾಣಾಕತ್ತೈತಿ."

"ಸರೀನ ಬಂದೈತವಾ. ಕರೆಂಟ್ ಹೋದ್ರ ನಮ್ಮ ಮನಿ ಹಂಗ ಕಾಣತೈತಿ."

"ಕರೆಂಟ್ ಹೋಗೋದು ನಾಳಿಗಲ್ರೀ?"

"ಅದಕ್ಕ ಇವತ್ತು ಸಾಮಾನಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ತಗದೇನಿ. ನಮ್ಮ ಅತ್ತಿ ಒಳಗ ಏನ್ ನಡಿಸೀದಿ ಅಂತ ಬಾಗಲಾ ಬಡಿಯಾಕತ್ತಿದ್ರು!"

ಆ ಫೋಟೋ ಇವತ್ತಿಗೂ ಬಳಕೆ ಐತಿ. ಯಾವ ಊರಾಗ ಕರೆಂಟ್ ಹೋದ್ರೂ ಅದನ್ನ ಹಾಕ್ತೇವಿ. ಒಬ್ಬರೂ ಇದು ನಮ್ಮೂರಲ್ಲ ಅಂದಿಲ್ಲ.

೨. ಸಾಕ್ಷಿಗೆ ಬೇಕಾದವರು

ಬ್ಯಾಡಗಿಯ ವರದಿಗಾರರು ರಿಟೈರ್ ಆದ ಸಾಲಿ ಮಾಸ್ತರು. ಎರಡು ಸಾಲು ಸುದ್ದಿ ಬರದ್ರ ಹದಿನೆಂಟು ಸಾಲು ಹೆಸರು ಬರೀತಾರ. ಕಾರ್ಯಕ್ರಮದಾಗ ಕುರ್ಚಿ ಹಾಕಿದವನ ಹೆಸರು ಸೈತ ಇರಬೇಕು.

"ಒಂದು ಹೆಸರು ಬಿಟ್ಟೆ ಅಂದ್ರ ಮೆಣಸಿನಕಾಯಿ ಪ್ಯಾಟ್ಯಾಗ ಯಾರೂ ನನಗ ಕುಂದ್ರಿ ಅನ್ನಂಗಿಲ್ಲ ಯವ್ವಾ," ಅಂತಾರ.

ಅವರ ಸಲುವಾಗಿ 'ಉಪಸ್ಥಿತರು' ಅಂತ ಬ್ಯಾರೇ ಕಾಲಂ ಮಾಡಿದೆ. ಪಾಪ, ವಯಸ್ಸಾದವರು, ಎಷ್ಟಂತ ಒತ್ತಬೇಕು ಅಂತ, ಕೊನೀಗೆ 'ಮುಂತಾದವರು ಉಪಸ್ಥಿತರಿದ್ದರು' ಅನ್ನೋದು ತಾನ ಬರಂಗ ಹೊಂದಿಸಿದೆ. ನನ್ನ ಶಾಣ್ಯಾತನಕ್ಕ ನಾನ ಖುಷಿ ಪಟ್ಟೆ.

ಎರಡು ದಿನಕ್ಕ ಬ್ಯಾಡಗಿಯಿಂದ ಬಂದು ವೆಬ್‌ಸೈಟ್ ಏರಿದ ಸುದ್ದಿ ಹಿಂಗಿತ್ತು: 'ಬೀಗ ಮುರಿದು ಮನೆಗಳ್ಳತನ. ಕಳ್ಳರು ಟಿವಿ ಮತ್ತು ಎರಡು ಚೀಲ ಮೆಣಸಿನಕಾಯಿ ಹೊತ್ತೊಯ್ದಿದ್ದಾರೆ. ಮುಂತಾದವರು ಉಪಸ್ಥಿತರಿದ್ದರು.'

ಮಧ್ಯಾಹ್ನ ಒಬ್ಬ ಪೊಲೀಸಪ್ಪ ಫೋನ್ ಮಾಡಿದ. "ಆ ಮುಂತಾದವರು ಯಾರ್ರಿ? ಹೆಸರು ಕೊಡ್ರಿ, ಸಾಕ್ಷಿಗೆ ಬೇಕಾಗ್ಯಾರ."

೩. ಐದು ಹೆಸರು

ಸಂಪಾದಕರು ಕೆಂಡ ಆದ್ರು. "ಉಪಸ್ಥಿತರ ಕಾಲಮಿನ್ಯಾಗ ಐದು ಹೆಸರಿಗಿಂತ ಹೆಚ್ಚಿಗಿ ಹಿಡೀಬಾರದು. ಮಾಸ್ತರು ಇನ್ನೊಮ್ಮೆ ಎಡವಿದ್ರ ಬ್ಯಾಡಗಿಗೆ ಬ್ಯಾರೇದವರನ್ನ ನೋಡೋಣು," ಅಂದ್ರು.

ತಪ್ಪು ನಂದ್ರಿ ಅಂದೆ. ಕೇಳಲಿಲ್ಲ. ಮಾಸ್ತರಿಗೆ ಫೋನಿನ್ಯಾಗ ಹೇಳಿದಾಗ ಅವರು ಕೇಳಿದ್ರು:

"ಇದೂ ಹೋದ್ರ ಮುಂಜಾನೆದ್ದು ಅಂಗಿ ಹಾಕ್ಕೊಂಡು ಎಲ್ಲಿಗೆ ಹೋಗ್ಲೆವಾ?"

ಐದರ ಮಿತಿ ಹಾಕಿದೆ. ಹೆಸರು ಬರದಾಗಷ್ಟ 'ಮುಂತಾದವರು' ಬರಂಗ ತಿದ್ದಿದೆ. ಮುಂಜಾನಿಂದ ಊಟದ ಹೊತ್ತಿನ ತನಕ ಫೋನ್ ಹಿಡಕೊಂಡು ಮಾಸ್ತರಿಗೆ ಕಲಿಸಿದೆ. ಇಷ್ಟು ವರ್ಷ ಮಂದಿ ಮಕ್ಕಳಿಗೆ ಕಲಿಸಿದವರು ತಪ್ಪಾದಾಗೊಮ್ಮೆ ನನಗ "ಸಿಟ್ಟಾಗಬ್ಯಾಡವಾ" ಅನ್ನಾಕತ್ತಿದ್ರು.

ಮುಂದಿನ ವಾರ ಬ್ಯಾಡಗ್ಯಾಗ ಒಂದು ವಾಚನಾಲಯದ ಉದ್ಘಾಟನೆ. ಮುಖ್ಯ ಅತಿಥಿ ನಮ್ಮ ಸಂಪಾದಕರ! ಸಂಜೀಕ ಮಾಸ್ತರ ಸುದ್ದಿ ಬಂತು. ಎರಡ ಸಾಲು, ಫೋಟೋ, ಐದು ಹೆಸರು, ಎಲ್ಲಾ ಚೊಕ್ಕ. ಗೆದ್ದೆವಪ್ಪಾ ಅಂತ ವೆಬ್‌ಸೈಟಿಗೆ ಒತ್ತಿ ಬಿಟ್ಟೆ. ಹೆಸರು ಮಾತ್ರ ಓದಲಿಲ್ಲ.

ಮರುದಿನ ಸಂಪಾದಕರು ಬಂದ ಕೂಡ್ಲೆ ತಮ್ಮ ಮೊಬೈಲ್ ನನ್ನ ಮುಂದ ಹಿಡಿದ್ರು. "ಇದರಾಗ ನಾ ಎಲ್ಲಿ ಅದೇನಿ?"

ಅಧ್ಯಕ್ಷರು ಇದ್ರು, ಕಾರ್ಯದರ್ಶಿ ಇದ್ರು, ಪೆಂಡಾಲಿನವರು, ಮೈಕಿನವರು, ಉಪ್ಪಿಟ್ಟು ಮಾಡಿದವರು ಇದ್ರು. ಅಲ್ಲಿಗೆ ಐದು. ಸಂಪಾದಕರು ಮಾಸ್ತರಿಗೆ ಫೋನ್ ಹಚ್ಚಿದ್ರು. ಮಾಸ್ತರ ಕತಿ ಮುಗೀತು ಅಂತ ನಾ ಕಣ್ಣು ಮುಚ್ಚಿದೆ.

"ಮಾಸ್ತರ, ದೀಪ ಹಚ್ಚಿದವ ನಾನು. ನನ್ನ ಹೆಸರ ಇಲ್ಲ?"

"ಸಾಹೇಬ್ರ, ಆ ಐದು ಮಂದಿ ದಿನಾ ಪ್ಯಾಟ್ಯಾಗ ನನಗ ಎದುರಾಗ್ತಾರ್ರಿ. ನೀವು ಮನಿಯವರು, ತಿಳಕೋತೀರಿ. ಆರನೇದು ಒತ್ತಿ ಒತ್ತಿ ಕೈ ಬಟ್ಟು ನೋಯ್ತು, ಅದು ತಗೊಳ್ಳಿಲ್ಲ. ಆದ್ರೂ ನಿಮ್ಮನ್ನ ಬಿಟ್ಟಿಲ್ರಿ. ಕೊನೀಗೆ 'ಮುಂತಾದವರು' ಅಂತ ಐತಿ ನೋಡ್ರಿ, ಅದರಾಗ ಮೊದಲನೇವ್ರು ನೀವ!"

ಸಂಪಾದಕರು ಫೋನ್ ಇಟ್ರು. ಮೊಬೈಲಿನ್ಯಾಗ ಆ 'ಮುಂತಾದವರು' ಎಲ್ಲಿ ಐತಿ ಅಂತ ಹುಡುಕಿ ನೋಡಿದ್ರು. ಆಮ್ಯಾಲೆ, "ಮಾಸ್ತರು ಇರ್ಲಿ. ಆ ಐದರ ಮಿತಿ ಲಗೂನ ತಗೀ," ಅಂದ್ರು. ಅವರ ಮಾತು ಮುಗಿಯೂದ್ರಾಗ ತಗದಿದ್ದೆ.

ಮರುದಿನ ಬ್ಯಾಡಗಿಯಿಂದ ಹೆಣ್ಣುಮಕ್ಕಳ ರಂಗೋಲಿ ಸ್ಪರ್ಧೆಯ ಸುದ್ದಿ ಬಂತು. ಇಪ್ಪತ್ತೇಳು ಹೆಸರು. ಮೊದಲನೇದು ನಮ್ಮ ಸಂಪಾದಕರದ್ದು. ಸ್ಪರ್ಧೆ ನಡೆಯೋ ಹೊತ್ತಿನ್ಯಾಗ ಅವರು ಹಾವೇರ್ಯಾಗ ನನ್ನ ಎದುರಿಗೆ ಕುಂತು ಮಂಡಕ್ಕಿ ತಿನ್ನಾಕತ್ತಿದ್ರು.

"ಸರ್, ಹೆಸರು ತಗೀಲೇನ್ರಿ?" ಅಂತ ಕೇಳಿದೆ.

ಅವರು ಇನ್ನೊಮ್ಮೆ ಓದಿದ್ರು. "ಇರ್ಲಿ ಬಿಡವಾ. ಅಷ್ಟು ಪ್ರೀತಿಲೆ ಕರದಾರ, ಬರಲಿಲ್ಲ ಅಂದ್ರ ಚಲೋ ಕಾಣಂಗಿಲ್ಲ."