ಕಲ್ಲು ಬೇಯಿಸುವ ಕೆಲಸ

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಕೆಲಸ ಮಾಡುವವರು ಪುಣ್ಯವಂತರು. ಟೀಚರು, ನರ್ಸು, ಪೊಲೀಸು ಎಂದರೆ ಸಾಕು, ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ, ಅಂದರೆ ಮದುವೆ ಯಾವಾಗ ಎಂಬುದಕ್ಕೆ, ಹೋಗಿಬಿಡುತ್ತಾರೆ. ನನ್ನದು ಹಾಗಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಕಲ್ಲಾಗಿರುತ್ತದೆ. ಅದಕ್ಕೆ ಶೇಲ್ ಎನ್ನುತ್ತಾರೆ. ನೆನೆದು ಒಣಗಿದ ಹಳೇ ಪುಸ್ತಕದ ಹಾಗೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕೆಸರಿನ ಜೊತೆ ಸತ್ತು ಬಿದ್ದ ಪಾಚಿಯೂ ಸೇರಿಕೊಂಡು, ಭೂಮಿಯ ಒಳಗಿನ ಶಾಖಕ್ಕೆ ಹದವಾಗಿ ಬೆಂದರೆ ಎಣ್ಣೆಯಾಗುತ್ತದೆ, ಇನ್ನೂ ಬೆಂದರೆ ಗ್ಯಾಸಾಗುತ್ತದೆ, ಅದಕ್ಕೂ ಮೀರಿದರೆ ತಳ ಹಿಡಿದ ಪಾತ್ರೆಯ ಕರಿಯಷ್ಟೇ ಉಳಿಯುತ್ತದೆ. ಯಾವ ಕಲ್ಲು ಯಾವ ಹದದಲ್ಲಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಕಲ್ಲನ್ನು ಪುಡಿ ಮಾಡಿ, ಚಿಟಿಕೆಯಷ್ಟನ್ನು ಗಾಳಿ ಸೋಕದ ಪುಟ್ಟ ಒಲೆಯೊಳಗಿಟ್ಟು ಕಾಯಿಸಿದರೆ, ಎಷ್ಟು ಶಾಖಕ್ಕೆ ಎಷ್ಟು ಆವಿ ಎದ್ದಿತು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ.

ನ್ಯಾಮತಿಯ ನಮ್ಮ ಬೀದಿಯಲ್ಲಿ ನಿಂತು ಇಷ್ಟನ್ನೆಲ್ಲ ಹೇಳುವುದರೊಳಗೆ ಮನೆಯಲ್ಲಿ ಅನ್ನ ಸೀದಿರುತ್ತದೆ. ಆದ್ದರಿಂದ ಅವ್ವ ತಾನೇ ಒಂದು ತೀರ್ಮಾನಕ್ಕೆ ಬಂದು ಊರಿಗೆಲ್ಲ ಸಾರಿದಳು: "ನಮ್ಮ ರೇಣುಕ ಕಲ್ಲು ಬೇಯಿಸ್ತಾಳೆ, ಅದಕ್ಕೆ ಸರ್ಕಾರದೋರು ಸಂಬಳ ಕೊಡ್ತಾರೆ." ಎದುರು ಮನೆಯ ಹಾಲಮ್ಮ ಒಂದು ಗಳಿಗೆ ಯೋಚನೆ ಮಾಡಿ, "ಕಲ್ಲು ಇರ್ಲಿ ಬಿಡವ್ವ, ಅನ್ನ ಬೇಯಿಸಾಕೆ ಬರುತ್ತೋ ಇಲ್ವೋ?" ಎಂದು ಕೇಳಿದಳಂತೆ. ಉತ್ತರ ಅವ್ವನಿಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಈ ಮಾತು ಹೇಳುವಾಗ ನನಗೆ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಕ್ವಾರಿಯಲ್ಲಿ ಜಲ್ಲಿ ಒಡೆದವನು. ಅಣ್ಣ ಹಾಲೇಶ ಓದು ಬಿಟ್ಟು ಗೂಡ್ಸ್ ಆಟೋ ಹತ್ತಿದ್ದರಿಂದಲೇ ನಾನು ಓದುವುದನ್ನು ಮುಂದುವರಿಸಿದ್ದು. ಎಂ.ಎಸ್ಸಿ. ಮುಗಿಸಿ ಭೂವಿಜ್ಞಾನಿಯ ಕೆಲಸ ಸಿಕ್ಕಿ, ಇಲಾಖೆಯವರು ಕೊಟ್ಟ ಹೊಸ ಸುತ್ತಿಗೆಯನ್ನು ಹೆಮ್ಮೆಯಿಂದ ಮನೆಗೆ ತಂದು ತೋರಿಸಿದಾಗ ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ನಾನು ಓದದೇ ಒಡದೆ, ನೀನು ಓದಿ ಒಡೀತೀಯ. ಆಗ್ಲಿ, ನೆರಳಾಗೆ ಕೂತು ಒಡಿ," ಎಂದ. ನೆರಳು ಸಿಗಲಿಲ್ಲ. ಬಿಸಿಲಲ್ಲಿ ಗುಡ್ಡ ಹತ್ತುವುದೇ ನಮ್ಮ ಕೆಲಸದ ಮೊದಲ ಪಾಠ.

ಕೆಲಸ ಸಿಕ್ಕ ಮೇಲೆ ನೆಂಟರಿಷ್ಟರ ನೆಲವೆಲ್ಲ ನನ್ನ ಕಣ್ಣಿಗೆ ಬೀಳಬೇಕೆಂಬ ಆಸೆ ಎಲ್ಲರಿಗೂ ಹುಟ್ಟಿತು. ಜಗಳೂರಿನ ಸೋದರಮಾವ ಒಂದು ಬೆಳಿಗ್ಗೆ ಫೋನ್ ಮಾಡಿ, ಯಾರೂ ಕೇಳಿಸಿಕೊಳ್ಳಬಾರದೆಂಬಂತೆ ಪಿಸುಗುಟ್ಟಿದ: "ಬೋರ್‌ವೆಲ್ ನೀರಿನ ಮ್ಯಾಲೆ ಕಾಮನಬಿಲ್ಲು ಕಾಣಾಕತ್ತೈತೆ ಕಣವ್ವ. ಎಣ್ಣೆನೇ ಅದು. ಯಾರಿಗೂ ಹೇಳಬ್ಯಾಡ, ಜಲ್ದಿ ಬಾ." ಹೋಗಿ ನೋಡಿದೆ. ನೀರಿನ ಮೇಲೆ ನಿಜಕ್ಕೂ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಮೋಟಾರು ಸೋರುತ್ತಿತ್ತು. ನಮ್ಮ ಕಡೆಯ ಬಂಡೆಗಳು ತೀರ ಹಳೆಯವು, ಸುಟ್ಟು ಬೆಂದು ಯಾವ ಕಾಲವೋ ಆಯಿತು, ಇಲ್ಲಿ ಎಣ್ಣೆ ಇರಲಾರದು ಎಂದು ತಿಳಿಸಿ ಹೇಳಿದರೆ ಮಾವನಿಗೆ ನನ್ನ ಓದಿನ ಮೇಲೇ ಅನುಮಾನ ಬಂತು.

ಹಾಗಾಗಿ ಶೇಲ್ ಹುಡುಕಿಕೊಂಡು ನಾವು ಹೋಗುವುದು ಬಾಗಲಕೋಟೆ ಕಡೆಗೆ. ಅಲ್ಲಿ ಕಲ್ಲನ್ನು ಗುರುತಿಸಲು ಒಂದು ಹಳೇ ಪದ್ಧತಿ ಇದೆ: ಚೂರೊಂದನ್ನು ಮುಂದಿನ ಹಲ್ಲಿನಿಂದ ಕಚ್ಚಿ ನೋಡುವುದು. ಕರಕರ ಎಂದರೆ ಮರಳು ಬೆರೆತ ಕಲ್ಲು, ನಯವಾಗಿ ಕರಗಿದರೆ ಒಳ್ಳೆಯ ಶೇಲ್. ಎಷ್ಟು ಯಂತ್ರ ಬಂದರೂ ಗುಡ್ಡದ ಮೇಲೆ ಹಲ್ಲೇ ಗತಿ. ನನ್ನ ಮೊದಲ ಸ್ವತಂತ್ರ ಸರ್ವೆಯಲ್ಲಿ ಹೀಗೆ ಕಣ್ಣು ಮುಚ್ಚಿ ಒಂದು ಚೂರನ್ನು ಸವಿಯುತ್ತಿದ್ದಾಗ, ಆಡು ಕಾಯುತ್ತಿದ್ದ ಅಜ್ಜಿಯೊಬ್ಬಳು ಹತ್ತಿರ ಬಂದು ಕರುಣೆಯಿಂದ ನೋಡಿ, "ಎಷ್ಟ್ ತಿಂಗಳಾತವ್ವಾ?" ಎಂದಳು. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಹುಟ್ಟುವುದು ನನಗೂ ಗೊತ್ತು. ನನಗಿನ್ನೂ ಮದುವೆಯಾಗಿಲ್ಲ ಅಜ್ಜಿ ಎಂದೆ. ಹಾಗೆ ಹೇಳಬಾರದಿತ್ತು. ಅಜ್ಜಿ ಸುತ್ತ ನೋಡಿ, ಸೆರಗಿನ ಗಂಟಿನಿಂದ ಹುಣಸೆಹಣ್ಣು ತೆಗೆದು ನನ್ನ ಕೈಗಿಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ ಹೋದಳು.

ಆ ಸರ್ವೆಯ ಕಲ್ಲುಗಳನ್ನು, ಕಲ್ಲಿಗೂ ಚೀಲಕ್ಕೂ ನಂಬರು ಬರೆದು ತುಂಬಿಕೊಂಡು ಬರುವಾಗ ಆಯುಧಪೂಜೆ ಬಂತು. ದಾರಿಯಲ್ಲೇ ಊರು, ಹಬ್ಬ ಮುಗಿಸಿಕೊಂಡು ಹೋದರಾಯಿತೆಂದು ನ್ಯಾಮತಿಯಲ್ಲಿ ಇಳಿದೆ. ಹಬ್ಬದ ದಿನ ಹೊನ್ನಾಳಿಗೆ ಹೋಗಿ ಗೆಳತಿಯನ್ನು ಮಾತಾಡಿಸಿ ಬಂದೆ. ಬಂದಾಗ ಹಾಲೇಶನ ಆಟೋ ಮದುಮಗನ ಹಾಗೆ ನಿಂತಿತ್ತು, ನನ್ನ ಸುತ್ತಿಗೆಯ ಹಣೆಗೂ ಕುಂಕುಮ ಬಿದ್ದಿತ್ತು. ಕಣ್ಣು ತುಂಬಿ ಬಂತು. ಒಂದು ದಿನ ಕಳೆದು ಚೀಲಗಳನ್ನು ಎತ್ತಿಕೊಂಡು ಪ್ರಯೋಗಾಲಯಕ್ಕೆ ಹೊರಟೆ.

ಅಲ್ಲಿ ನನ್ನ ಮೇಲಧಿಕಾರಿ ಪ್ರಭಾಕರ ಸರ್. ನಿವೃತ್ತಿ ಹೊಸ್ತಿಲಲ್ಲಿತ್ತು. ಊರೂರಿನ ಕಲ್ಲು ಕಾಯಿಸಿ ಆಯುಷ್ಯ ಕಳೆದವರು, ಬರೆದದ್ದೆಲ್ಲ "ಇಲ್ಲ" ಎನ್ನುವ ವರದಿಗಳೇ. "ನಾವು ಇಲ್ಲ ಎನ್ನುವ ಇಲಾಖೆಯವರಮ್ಮ," ಎಂದು ತಾವೇ ನಗುತ್ತಿದ್ದರು. ಒಂದೇ ಒಂದು ಸಲ "ಇದೆ" ಎಂದು ಬರೆದು ಮನೆಗೆ ಹೋಗಬೇಕೆಂಬುದು ಅವರ ಆಸೆ ಎಂದು ಕ್ಯಾಂಟೀನಿನವರಿಗೂ ತಿಳಿದಿತ್ತು. ನನ್ನ ಕಲ್ಲುಗಳ ಪುಡಿ ಒಲೆಯೊಳಗೆ ಹೋಯಿತು. ಯಂತ್ರದ ಗೆರೆ ಯಾವಾಗಿನಂತೆ ನೆಲಕ್ಕೆ ಅಂಟಿಕೊಂಡು ಹೋಗುತ್ತಿದ್ದದ್ದು, ಇದ್ದಕ್ಕಿದ್ದಂತೆ ಒಂಟೆಯ ಬೆನ್ನಿನ ಹಾಗೆ ಎದ್ದಿತು. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ರೇಣುಕಾ, ಇದು ಮಾತಾಡ್ತಿದೆ," ಎಂದರು. ಮಧ್ಯಾಹ್ನಕ್ಕೆ ಪೇಡ ಬಂತು. ಮರುದಿನ ದೊಡ್ಡ ಸಭೆ. ಆ ಗುಡ್ಡದಲ್ಲಿ ಎಣ್ಣೆ ಬಾವಿ ಕೊರೆಯಲು ಅಲ್ಲಿ ಶಿಫಾರಸು ಮಾಡುವುದಿತ್ತು, ವರದಿಯಲ್ಲಿ ಮೊದಲ ಹೆಸರು ನನ್ನದು. ಜಲ್ಲಿ ಒಡೆದವನ ಮಗಳ ಹೆಸರು. ಆ ಪೇಡದಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ.

ಆದರೆ ಕಷ್ಟಪಟ್ಟು ಓದಿದವರಿಗೆ ಒಂದು ರೋಗವಿರುತ್ತದೆ: ಪುಕ್ಕಟೆ ಬಂದದ್ದನ್ನು ನಂಬಲು ಆಗುವುದಿಲ್ಲ. ಕಲ್ಲಿನಲ್ಲಿ ಇರುವ ಎಣ್ಣೆ ಸಣ್ಣ ಶಾಖಕ್ಕೆ ಏಳಬೇಕು, ಇನ್ನೂ ಎಣ್ಣೆಯಾಗದ್ದು ದೊಡ್ಡ ಶಾಖಕ್ಕೆ ಏಳಬೇಕು. ಈ ಗೂನು ಎರಡರ ನಡುವೆ, ಯಾರ ಮನೆಯದೂ ಅಲ್ಲದ ಜಾಗದಲ್ಲಿ ಎದ್ದಿತ್ತು. ಇನ್ನೂ ವಿಚಿತ್ರವೆಂದರೆ, ಒಂದೇ ಪದರದಿಂದ ತಂದ ಕಲ್ಲುಗಳಲ್ಲಿ ದುಂಡಗೆ, ನುಣ್ಣಗೆ, ನೋಡಲು ಚೆಂದವಾಗಿದ್ದವು ಮಾತ್ರ ಎಣ್ಣೆ ಕೊಟ್ಟಿದ್ದವು. ಮುರುಕಲು ಚೂರುಗಳು ಬಾಯಿ ಬಿಟ್ಟಿರಲಿಲ್ಲ. ಪ್ರಕೃತಿಗೆ ಅಂಥ ಪಕ್ಷಪಾತವಿಲ್ಲ. ಪುಡಿ ಮಾಡದೆ ಉಳಿದಿದ್ದ ಒಂದು ಚೆಂದದ ತುಂಡನ್ನು ತೆಗೆದು ಮೂಗಿಗೆ ಹಿಡಿದೆ. ಕೋಟಿ ವರ್ಷಗಳ ಹಿಂದಿನ ಸಮುದ್ರದ ವಾಸನೆ ಬರಲಿಲ್ಲ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ತಟ್ಟುತ್ತಿದ್ದ ಹರಳೆಣ್ಣೆಯ ವಾಸನೆ ಬಂತು. ಕೂಡಲೇ ಫೋನ್ ಮಾಡಿದೆ.

"ಅವ್ವ, ಹಬ್ಬದ ದಿನ ನನ್ನ ಕಲ್ಲಿಗೆ ಏನಾದ್ರೂ ಹಚ್ಚಿದ್ಯಾ?"

"ಹಚ್ಚದೇ ಇರಾಕಾಗುತ್ತಾ? ಹಾಲೇಶನ ಗಾಡಿಗೆ ಆತು, ನಿಮ್ಮಪ್ಪನ ಹಾರೆಗೆ ಆತು, ನಿನ್ನ ಕಲ್ಲು ಏನು ಪಾಪ ಮಾಡಿದ್ವು? ಧೂಳು ಬಡಕೊಂಡು ಕೂತಿದ್ವು. ಲಕ್ಷಣವಾಗಿರೋವನ್ನ ಆರಿಸಿ, ತೊಳದು, ಹರಳೆಣ್ಣೆ ತಿಕ್ಕಿ, ಕುಂಕುಮ ಇಟ್ಟೆ. ಹೆಂಗೆ ಮಿಂಚಿದ್ವು ಅಂತೀಯ!"

"ಕುಂಕುಮ ಕಾಣಲಿಲ್ವಲ್ಲವ್ವ?"

"ದೇವರ ಗೂಡಿನಾಗಿದ್ವು, ನೀನೆಲ್ಲಿ ನೋಡ್ದೆ? ನಿಮ್ಮ ಸಾಹೇಬ್ರು ಏನಾದ್ರೂ ಅಂದ್ಕೊಂಡಾರು ಅಂತ ಮಾರನೇ ದಿನ ಒರೆಸಿದೆ. ಹಾಲೇಶ ನಂಬರ್ ನೋಡಿ ಅದರದರ ಚೀಲಕ್ಕೇ ಹಾಕ್ದ. ನಮಗೂ ಅಷ್ಟು ತಿಳೀತೈತೆ."

"ಮತ್ತೆ ಎಣ್ಣೆ?"

"ಎಣ್ಣೆ ಎಲ್ಲಿ ಉಳೀತು? ಕುಡಕೊಂಡ್ಬಿಟ್ವು. ಪಾಪ, ಯಾವ ಕಾಲದಿಂದ ಬಾಯಾರಿದ್ವೋ."

ಕೈಯಲ್ಲಿ ಕಲ್ಲು ಹಿಡಿದುಕೊಂಡು ಸರ್ ಕೋಣೆಯ ಮುಂದೆ ಬಹಳ ಹೊತ್ತು ನಿಂತೆ. ಒಳಗೆ ಅವರು ಹೆಂಡತಿಯ ಜೊತೆ ಫೋನಿನಲ್ಲಿ, "ಸಿಕ್ತು ಕಣೇ, ಕೊನೆಗೂ ಸಿಕ್ತು," ಎನ್ನುತ್ತಿದ್ದರು. ನಾನು ಸುಮ್ಮನಿದ್ದರೆ ಸರಕಾರ ಬಾಗಲಕೋಟೆಯ ಗುಡ್ಡದಲ್ಲಿ ಹರಳೆಣ್ಣೆಗಾಗಿ ಬಾವಿ ಕೊರೆಯುತ್ತಿತ್ತು. ಒಳಗೆ ಹೋಗಿ ಕಲ್ಲನ್ನು ಮೇಜಿನ ಮೇಲಿಟ್ಟು, "ಸರ್, ಮೂಸಿ ನೋಡಿ," ಎಂದೆ. ಮೂಸಿದರು. ಅವ್ವ ಮಾಡಿದ್ದನ್ನೆಲ್ಲ ಹೇಳಿದೆ. ಅವರ ಮುಖದ ಬೆಳಕು ಇಳಿದದ್ದನ್ನು ನಾನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿದೆ. ಹಿಂದಿನಿಂದ ವಿಚಿತ್ರ ಸದ್ದು ಕೇಳಿತು. ಅಳುತ್ತಿದ್ದಾರೆಂದು ಹೆದರಿ ನೋಡಿದರೆ, ಮನುಷ್ಯ ಕನ್ನಡಕ ಬಿಚ್ಚಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. "ಇಷ್ಟು ವರ್ಷದಲ್ಲಿ ಒಂದೇ ಒಂದು ಕಲ್ಲು ನನಗೆ ಹೂಂ ಅಂತಮ್ಮ. ಅದಕ್ಕೂ ನಿಮ್ಮ ತಾಯಿ ಹೇಳಿಕೊಡಬೇಕಾಯ್ತು!"

ಮರುದಿನದ ಸಭೆಯಲ್ಲಿ ಅವರು ಎದ್ದು ನಿಂತು, ಮಾದರಿಗಳು ಮಲಿನಗೊಂಡಿವೆ, ಹೊಸದಾಗಿ ತರಬೇಕು ಎಂದರು. ಯಾವುದರಿಂದ ಮಲಿನವಾಯಿತು ಎಂದು ದೊಡ್ಡವರೊಬ್ಬರು ಕೇಳಿದರು. "ಕೃಷಿಮೂಲದ ಎಣ್ಣೆಯಿಂದ," ಎಂದರು ಸರ್, ಮುಖದ ಒಂದು ಗೆರೆಯನ್ನೂ ಅಲುಗಿಸದೆ. ನಾನು ಮತ್ತೆ ಗುಡ್ಡ ಹತ್ತಿ ಹೊಸ ಕಲ್ಲು ತಂದು ಕಾಯಿಸಿದೆ. ಗೆರೆ ಏಳಲಿಲ್ಲ. ಒಂದಾನೊಂದು ಕಾಲದಲ್ಲಿ ಎಣ್ಣೆ ಇತ್ತೇನೋ, ಹದ ಮೀರಿ ಬೆಂದು ಹೋಗಿತ್ತು. ಸರ್ ಪೆನ್ನನ್ನು ನನ್ನ ಕೈಗೆ ಕೊಟ್ಟು, "ಈ ಇಲ್ಲವನ್ನು ನೀನೇ ಬರಿ," ಎಂದರು. ಬರೆದೆ. ಆ ತಿಂಗಳೇ ಅವರು ನಿವೃತ್ತರಾದರು. ಹೋಗುವಾಗ ಎಣ್ಣೆ ಕುಡಿದ ಆ ತುಂಡನ್ನು ಕೇಳಿ ತೆಗೆದುಕೊಂಡು ಹೋದರು.

ಅವ್ವನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. "ಇಲ್ಲ ಅನ್ನಾಕೆ ಇಷ್ಟೆಲ್ಲ ಓದಬೇಕಾಗಿತ್ತೇನೆ?" ಎಂದಳು. ಪೇಡ ಹಂಚಿಯಾದ ಮೇಲೆ ಇಲ್ಲ ಅನ್ನೋದಕ್ಕೆ ಓದಿರಲೇಬೇಕವ್ವ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ನಂದೇ ತಪ್ಪಾತೇನು?" ಎಂದಳು. ನೆಟ್‌ವರ್ಕ್ ಸರಿಯಿಲ್ಲವ್ವ ಎಂದೆ.

ಈ ಸಲದ ಹಬ್ಬಕ್ಕೆ ಶೇಲ್ ಚೀಲಗಳನ್ನೆಲ್ಲ ಪ್ರಯೋಗಾಲಯದ ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಊರಿಗೆ ಹೊರಟೆ. ಬರಿಗೈಯಲ್ಲಿ ಹೋದರೆ ಅವ್ವನಿಗೆ ಬೇಜಾರಾದೀತೆಂದು, ಚನ್ನಗಿರಿಯಲ್ಲಿ ಬಸ್ಸು ನಿಂತಾಗ ಇಳಿದು ರಸ್ತೆ ಬದಿಯ ಕಲ್ಲೊಂದನ್ನು ಎತ್ತಿಕೊಂಡೆ. ಅವ್ವ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು, ಉಗುರಿನಿಂದ ಕೆರೆದಳು. "ಹೋದ ಸಲದ್ವು ಹಾಳೆ ಹಾಳೆ ಇದ್ವು. ಇದೇನೇ ಹಿಂಗೈತೆ?" ಎಂದಳು. "ರೋಡಿಗೆ ಹಾಕೋ ಜಲ್ಲಿ ಇದ್ದಂಗೈತೆ," ಎಂದ ಹಾಲೇಶ. ನಾನು, ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವೀಧರೆ, ಆ ಜಲ್ಲಿಯ ಕುಲಗೋತ್ರ ಹೊಗಳುತ್ತ ನಡುಮನೆಯಲ್ಲಿ ನಿಂತು ವಾದ ಮಾಡಿದೆ. ಅವ್ವ ಎಣ್ಣೆಯ ಬಟ್ಟಲು ಹಿಡಿದು ನನ್ನ ಮುಖವನ್ನೇ ನೋಡಿದಳು. "ನಿಜ ಹೇಳು. ಇದರಾಗೆ ಎಣ್ಣೆ ಐತಾ?"

"ಐತವ್ವಾ, ಭಾಳ ಐತೆ," ಎಂದೆ. ಅಪ್ಪ ಆ ಕಡೆ ತಿರುಗಿ ಕೆಮ್ಮಿದ. ನನ್ನ ಕೆಲಸದಲ್ಲಿ ನಾನು ಇದುವರೆಗೆ "ಇದೆ" ಎಂದು ಕೊಟ್ಟಿರುವ ವರದಿ ಅದೊಂದೇ, ಅದನ್ನೂ ಒಲೆಗಿಡದೆ ಕೊಟ್ಟದ್ದು.