ಹರಗೋಲಿನಲ್ಲಿ ಹಲಗೆ ಎಲ್ಲಿ?

ನಮ್ಮ ಸೋದರಮಾವನಷ್ಟು ನೌಕಾಯಾನ ಬಲ್ಲವರು ಆ ಕಾಲದ ವಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವನು ಸಮುದ್ರ ನೋಡಿರಲಿಲ್ಲ, ಅದು ಬೇರೆ ಮಾತು. ತುಂಬಿದ ಹೊಳೆಯಲ್ಲಿ ಪಾದ ಮುಳುಗುವಷ್ಟು ಕೂಡ ಇಳಿದವನಲ್ಲ, ಅದೂ ಬೇರೆ ಮಾತು. ಬಲ್ಲವರೆಲ್ಲ ಇಳಿಯಲೇಬೇಕೆಂದು ಯಾವ ಕಾಯ್ದೆಯಲ್ಲಿದೆ?

ಎಪ್ಪತ್ತರ ದಶಕದ ಮಾತು. ಸಿಂದಗಿ ತಾಲೂಕಿನ ತುದಿಗೆ, ಭೀಮಾನದಿಯ ದಂಡೆಯ ಮೇಲೆ ನಮ್ಮ ಆಯಿಯ ಊರು. ಸಂಜೆಯಾದರೆ ಮನೆಯ ಕಟ್ಟೆಯ ಮೇಲೆ ಸಭೆ. ಹತ್ತಿ ಬಿಡಿಸುತ್ತ ಕೂಡುವ ಆಯಿ, ಅಂದರೆ ಮಾವನ ತಾಯಿ. ಕಿರಾಣಿ ಅಂಗಡಿಗೆ ಕೀಲಿ ಹಾಕಿ ಬರುವ ಖಾಸೀಮಸಾಬ, ಮಾವನ ಸಾಲಿಯ ಗೆಳೆಯ. ಹರಗೋಲು ದಂಡೆಗೆ ಮಗುಚಿಟ್ಟು ಬರುವ ಅಂಬಿಗರ ಯಂಕಪ್ಪ. ಮಾಸ್ತರಿಕೆಯ ಆರ್ಡರಿನ ದಾರಿ ಕಾಯುತ್ತ ಆಯಿಯ ಮನೆಯ ರೊಟ್ಟಿ ಖಾಲಿ ಮಾಡುತ್ತಿದ್ದ ನಾನು. ನಟ್ಟನಡುವೆ ಮಾವ. ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಕಪ್ಪು ರಟ್ಟಿನ ಬೈಬಲ್!

ಗಾಬರಿಯಾಗಬೇಡಿ. ಮಾವ ಬೆಳಗಿನ ಲಿಂಗಪೂಜೆ ಒಂದು ದಿನ ತಪ್ಪಿಸಿದವನಲ್ಲ. ಹಿಂದೊಮ್ಮೆ ಹೊಟ್ಟೆಯ ಆಪರೇಶನ್ನಿಗೆಂದು ಯಾವುದೋ ಮಿಶನ್ ದವಾಖಾನೆ ಸೇರಿದ್ದ. ಅಲ್ಲಿ ಓದಲು ಸಿಗುತ್ತಿದ್ದದ್ದು ಗೋಡೆಯ ಮೇಲಿನ ‘ಇಲ್ಲಿ ಉಗುಳಬಾರದು’ ಬಿಟ್ಟರೆ ಈ ಪುಸ್ತಕ ಒಂದೇ. ಪಕ್ಕದ ಮಂಚದ ಮುದುಕ ಮನೆಗೆ ಹೋಗುವಾಗ ಇವನ ಆಸೆ ನೋಡಿ ಕೊಟ್ಟೇ ಹೋದನಂತೆ. ಅಷ್ಟು ದೊಡ್ಡ ಗ್ರಂಥದಲ್ಲಿ ದಯೆ, ಕ್ಷಮೆ, ನೀತಿ ಏನೆಲ್ಲ ಇರಲಿಕ್ಕಿಲ್ಲ! ಮಾವ ಅದನ್ನೆಲ್ಲ ಹೊಲದ ಬದು ದಾಟಿದಂತೆ ದಾಟಿಬಿಟ್ಟು, ದೋಣಿ ಬರುವ ಪುಟಗಳಲ್ಲಿ ಮಾತ್ರ ಜೋಳದ ಗರಿಯ ಗುರುತು ಇಟ್ಟಿದ್ದ.

ಈ ಪಾಂಡಿತ್ಯದಿಂದ ಅವನಿಗೆ ಒಂದೇ ಒಂದು ಉಪಯೋಗವಿತ್ತು. ಹೊಳೆ ದಾಟದಿರುವುದು.

ನಮ್ಮ ದೊಡ್ಡವ್ವ, ಅಂದರೆ ಮಾವನ ಅಕ್ಕ, ಇದ್ದದ್ದು ಹೊಳೆಯ ಆಚೆ ದಂಡೆಯ ಊರಿನಲ್ಲಿ. ಬೇಸಿಗೆಯಲ್ಲಿ ಭೀಮೆ ಎಂದರೆ ಉಸುಕು. ಆಗ ಮಾವ ಚಪ್ಪಲಿ ಕೈಯಲ್ಲಿ ಹಿಡಿದು ವೀರನಂತೆ ದಾಟಿ ಹೋಗಿ, ಅಕ್ಕನ ಮನೆಯ ಮಾವಿನಹಣ್ಣಿನ ಸೀಕರಣೆ ಉಂಡು ಬರುತ್ತಿದ್ದ. ಆದರೆ ನಾಗರಪಂಚಮಿ ಬರುವುದು ಶ್ರಾವಣದಲ್ಲಿ. ಹೆಣ್ಣುಮಗಳನ್ನು ಪಂಚಮಿಗೆ ತವರಿಗೆ ಕರೆತರಲು ಒಡಹುಟ್ಟಿದ ಗಂಡಸೇ ಹೋಗಬೇಕು. ಆ ಶ್ರಾವಣದಲ್ಲಿಯೇ ಭೀಮೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಾಳೆ. ಹಬ್ಬಗಳನ್ನು ಇಟ್ಟವರಿಗೆ ನಮ್ಮ ಮಾವನ ಪರಿಚಯ ಇರಲಿಲ್ಲವೆಂದು ಕಾಣುತ್ತದೆ!

ಬಸವನ ಬಾಗೇವಾಡಿಗೆ ಕೊಟ್ಟಿದ್ದ ನಮ್ಮವ್ವನನ್ನು ಮಾವ ಪ್ರತಿ ಪಂಚಮಿಗೂ ಬಸ್ಸಿನಲ್ಲಿ ಠೀವಿಯಿಂದ ಕರೆತರುತ್ತಿದ್ದ. ದೊಡ್ಡವ್ವನ ಕಡೆಗೆ ನನ್ನನ್ನು ಅಟ್ಟುತ್ತಿದ್ದ. ದೊಡ್ಡವ್ವ ನನಗೆ ಹೊಟ್ಟೆ ತುಂಬ ಉಣಿಸಿ ಬರಿಗೈಯಲ್ಲಿ ಕಳಿಸುತ್ತಿದ್ದಳು. “ತಂಗಿ ಊರಿಗೆ ರೋಡ್ ಐತಿ, ಅಕ್ಕನ ಊರಿಗೆ ಹೊಳಿ ಐತಿ. ಪಂಚಮಿಗೆ ಅಂವ ಬಂದ್ರ ಬರ್ತೇನಿ, ಇಲ್ಲಂದ್ರ ತವರಿನ ಹೊಸ್ತಿಲಾ ತುಳಿಯಂಗಿಲ್ಲ,” ಎಂಬುದು ಅವಳ ಖಾಯಂ ಉತ್ತರ. ಮಾತು ಅಂದರೆ ಮಾತು. ಬೇಸಿಗೆಯಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಹೋಗಿ ಕರೆದರೂ ಬರಲಿಲ್ಲ. ಎಷ್ಟೋ ಪಂಚಮಿಗಳು ಹಾಗೆಯೇ ಹೋದವು. ಹಬ್ಬದ ದಿನ ನಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಆಯಿ ಒಮ್ಮೆ ಹೊಳೆಯ ಕಡೆ ನೋಡಿ, ಉಂಡಿ ಕಟ್ಟಲು ಒಳಗೆ ಹೋಗಿಬಿಡುತ್ತಿದ್ದಳು.

ಹಾಗೆಂದು ಮಾವ ಪ್ರಯತ್ನವನ್ನೇ ಮಾಡಲಿಲ್ಲ ಅನ್ನಬಾರದು. ಒಂದು ವರ್ಷ ಬಸ್ಸು ಹಿಡಿದು, ಎಲ್ಲಿಯೋ ಸೇತುವೆ ಇದ್ದಲ್ಲಿ ಭೀಮೆಯನ್ನು ದಾಟಿ, ಊರೂರು ಸುತ್ತಿ ಹೊರಟ. ಕಣ್ಣಿಗೆ ಅಕ್ಕನ ಊರಿನ ಗುಡಿ ಕಾಣಿಸಿತು. ಗುಡಿಗೂ ಇವನಿಗೂ ನಡುವೆ ಒಂದು ಹಳ್ಳ ಮೈದುಂಬಿ ನಿಂತಿತ್ತು. ಅದೇ ಬಸ್ಸಿಗೆ ವಾಪಸ್ಸು ಬಂದ. ಹಳ್ಳಕ್ಕೂ ಮಾವನ ಶಾಸ್ತ್ರ ಗೊತ್ತಿತ್ತೇನೋ!

ಇನ್ನು ಕಟ್ಟೆಯ ಮೇಲಿನ ಪ್ರವಚನಕ್ಕೆ ಬರೋಣ. ಮಳೆ ಕೈಕೊಟ್ಟು ಊರಿನ ಬಾವಿಗಳೆಲ್ಲ ತಳ ಕಂಡ ವರ್ಷ ಮಾವ ಎತ್ತಿಕೊಂಡ ವಿಷಯ ಜಲಪ್ರಳಯ! ಕೊಡ ಹೊತ್ತು ನೀರು ಹುಡುಕುತ್ತಿದ್ದ ಹೆಂಗಸರನ್ನು ನಿಲ್ಲಿಸಿ, ನೋಹನ ಹಡಗು ಮುನ್ನೂರು ಮೊಳ ಉದ್ದವಿತ್ತೆಂದು ಹೇಳುತ್ತಿದ್ದ. ಅಷ್ಟು ದೊಡ್ಡ ಹಡಗಿಗೆ ಹುಟ್ಟು ಹಾಕಿದವರು ಯಾರೆಂದು ಯಂಕಪ್ಪ ಕೇಳಿದ. ಹುಟ್ಟು ಇರಲಿಲ್ಲ, ಹಾಯಿಯೂ ಇರಲಿಲ್ಲ, ಸುಮ್ಮನೆ ತೇಲಿತು ಎಂದ ಮಾವ.

“ಕುಂಬಳಕಾಯೀನೂ ತೇಲತೈತ್ರಿ ಗೌಡ್ರ,” ಎಂದ ಯಂಕಪ್ಪ. “ಅದಕ್ಕ ಅಂಬಿಗ ಅಂತಾರೇನ್ರಿ?”

ರಾಜ ಸೊಲೊಮೋನನ ಹಡಗುಗಳು ದೂರದ ದೇಶದಿಂದ ಬಂಗಾರ, ದಂತ, ಮಂಗ, ನವಿಲು ಹೊತ್ತು ತರುತ್ತಿದ್ದವೆಂದು ಮಾವ ಕಣ್ಣರಳಿಸಿ ಹೇಳಿದ ದಿನ ಖಾಸೀಮಸಾಬನ ಅಂಗಡಿಯ ಬೆಲ್ಲದ ಪೆಂಟೆಯನ್ನು ಮಂಗಗಳು ಹೊತ್ತೊಯ್ದಿದ್ದವು. ಆ ರಾಜನ ವಿಳಾಸವಿದ್ದರೆ ಕೊಡು, ನಮ್ಮೂರಿನ ಮಾಲು ಅಷ್ಟನ್ನೂ ಬಾಡಿಗೆ ನಾನೇ ಹಾಕಿಕೊಂಡು ಕಳಿಸುತ್ತೇನೆ ಎಂದ ಖಾಸೀಮಸಾಬ.

ಆದರೆ ಮಾವನ ರಾಮಬಾಣವೆಂದರೆ ಪೌಲನ ಹಡಗು. ಶ್ರಾವಣ ಬಂತೆಂದರೆ ಆ ಪುಟ ತಾನೇ ತೆರೆದುಕೊಳ್ಳುತ್ತಿತ್ತು. ಹಂಗಾಮು ಮೀರಿದೆ, ಈಗ ಹಡಗು ಬಿಡಬೇಡಿ ಎಂದು ಪೌಲ ಹೇಳಿದರೂ ಹಡಗಿನವರು ಕೇಳಲಿಲ್ಲ; ಬಿರುಗಾಳಿ ಹೊಡೆದು ಹಡಗು ನುಚ್ಚುನೂರಾಯಿತು. ಆದ್ದರಿಂದ ಶ್ರಾವಣದಲ್ಲಿ ಹರಗೋಲು ಹತ್ತಬಾರದು! ಎಲ್ಲಿಯ ಸಮುದ್ರ, ಎಲ್ಲಿಯ ಭೀಮೆ! ಯಂಕಪ್ಪ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, ಎಷ್ಟು ಮಂದಿ ಸತ್ತರೆಂದು ಕೇಳಿದ. ಒಬ್ಬರೂ ಸಾಯಲಿಲ್ಲ, ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದುಕೊಂಡು ದಂಡೆ ಸೇರಿದರು ಎಂದ ಮಾವ.

“ಎಲ್ಲಾರೂ ಉಳದ್ರು ಅಂತೀರಿ. ಮತ್ತ ನೀವು ಅಂಜೂದು ಯಾವದಕ್ರಿ?”

ಮಾವ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಬಡಪಾಯಿಯನ್ನು ನೋಡುವಂತೆ ಯಂಕಪ್ಪನನ್ನು ನೋಡಿದ. “ಹುಚ್ಚಪ್ಪಾ, ಅದು ಕಟಗಿ ಹಡಗ. ಒಡದ್ರ ಹಲಗಿ ಸಿಗತಾವು. ನಿಂದು ಬಿದರಬುಟ್ಟಿ. ಮ್ಯಾಲ ತೊಗಲ. ಅದು ಒಡದ್ರ ನಾ ಏನ ಹಿಡಕೊಳ್ಳಲಿ?”

ಹರಗೋಲಿನಲ್ಲಿ ಹಲಗೆ ಎಲ್ಲಿಂದ ಬರಬೇಕು?

ಇದಕ್ಕೂ ಮೇಲಿನದು ಯೋನನ ಕಥೆ. ನಿನೆವೆ ಎಂಬ ಊರಿಗೆ ಹೋಗು ಎಂದು ದೇವರು ಹೇಳಿದರೆ, ಈ ಯೋನ ತದ್ವಿರುದ್ಧ ದಿಕ್ಕಿನ ಹಡಗು ಹತ್ತಿ ಒಳಗೆ ಮಲಗಿಬಿಟ್ಟ. ಬಿರುಗಾಳಿ ಎದ್ದಿತು. ನಾವಿಕರು ತಂತಮ್ಮ ದೇವರನ್ನು ಕೂಗಿದರು, ಚೀಟಿ ಎತ್ತಿದರು, ಯೋನನೇ ತಪ್ಪಿತಸ್ಥ ಎಂದು ಗೊತ್ತಾಯಿತು. ಆದರೂ ಅವನನ್ನು ಉಳಿಸಬೇಕೆಂದು ಜೀವ ಹಿಡಿದು ಹುಟ್ಟು ಹಾಕಿ ನೋಡಿದರು. ಆಗದೇ ಹೋದಾಗ ಸಮುದ್ರಕ್ಕೆ ಎಸೆದರು. ದೊಡ್ಡದೊಂದು ಮೀನು ಬಂದು ನುಂಗಿತು. ಮಾವನಿಗೆ ಆ ನಾವಿಕರ ಮೇಲೆ ಬಹಳ ಪ್ರೀತಿ. ಯೋನನ ಮೇಲೂ ಒಂದು ನಮೂನೆಯ ಮಮತೆ ಇತ್ತು, ಕಾರಣ ನಮಗೆ ಆಮೇಲೆ ತಿಳಿಯಿತು. ಕಥೆಯನ್ನು ಮಾತ್ರ ಪ್ರತಿ ಸಲವೂ ಮೀನಿನ ಹೊಟ್ಟೆಯಲ್ಲಿಯೇ ಮುಗಿಸುತ್ತಿದ್ದ. ಮುಂದೆ ಏನಾಯಿತೆಂದು ಕೇಳಿದರೆ ಆಕಳಿಸುತ್ತಿದ್ದ.

ಈ ಕಥೆಯಿಂದ ಯಂಕಪ್ಪನಿಗೆ ಆದ ತ್ರಾಸು ಅಷ್ಟಿಷ್ಟಲ್ಲ. ಪ್ರತಿ ಹರಗೋಲಿನಲ್ಲೂ ಒಬ್ಬ ಯೋನ ಇರುತ್ತಾನೆಂದು ಮಾವನ ಸಿದ್ಧಾಂತ. ದಂಡೆಯ ಮೇಲೆ ನಿಂತು, ಹತ್ತಿದವರನ್ನು ಒಬ್ಬೊಬ್ಬರನ್ನಾಗಿ, ಹೋಗಬೇಕಾದ ಕಡೆ ಬಿಟ್ಟು ಬೇರೆ ಕಡೆ ಓಡಿ ಹೊರಟಿದ್ದೀರೇನು ಎಂದು ವಿಚಾರಿಸುತ್ತಿದ್ದ. ಹೆಂಡತಿಯೊಡನೆ ಜಗಳಾಡಿ ಆಚೆ ಊರಿನ ಗೆಳೆಯನ ಮನೆಗೆ ಹೊರಟಿದ್ದ ಒಬ್ಬ ಮುಖ ತಗ್ಗಿಸಿ ಇಳಿದು ಮನೆಯ ದಾರಿ ಹಿಡಿದ. ಅವನ ಹಿಂದೆ ಇನ್ನಿಬ್ಬರು ಇಳಿದರು. ಅವರದೇನು ಕಥೆಯೋ! ಖಾಲಿ ಹರಗೋಲಿನಲ್ಲಿ ನಿಂತ ಯಂಕಪ್ಪ ಕೈಮುಗಿದು ಹೇಳಿದ: “ಗೌಡ್ರ, ನೀವಂತೂ ಹತ್ತೂದಿಲ್ಲ. ಹತ್ತೋರನ್ನರ ಬಿಡ್ರಿ.”

ಆ ವರ್ಷ ಎಂದಿನಂತೆ ದೊಡ್ಡವ್ವನನ್ನು ಕರೆಯಲು ನಾನು ಹೋದೆ. ತಮ್ಮ ಈ ಸಲ ಯಾವ ನೆಪ ಹೇಳಿದ ಎಂದು ಕೇಳಿದಳು. ಯೋನನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು. ರೊಟ್ಟಿ ತಿರುವಿ ಹಾಕಿ, “ಹೋಗು ಅಂದ ಊರಿಗೆ ಹೋಗದಾಂವ ಯಾರ ಅಂತ ನಿಮ್ಮ ಮಾವನ್ನ ಕೇಳು. ಮುಂದಿನ ಪಂಚಮಿಗೆ ಬರಲಿಲ್ಲಂದ್ರ ಮೀನಾ ಕಳಸ್ತೇನಂತ ಹೇಳು,” ಎಂದಳು.

ಹಾಗೆಯೇ ಬಂದು ಕಟ್ಟೆಯ ಮೇಲೆ ಎಲ್ಲರ ಮುಂದೆ ಒಪ್ಪಿಸಿದೆ. ಆಯಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮಾವ ನಗಲಿಲ್ಲ. ಆಗ ಖಾಸೀಮಸಾಬ, ಈ ಕಥೆ ತಮ್ಮಲ್ಲೂ ಇದೆ, ಯೂನುಸ ಪೈಗಂಬರರದು ಎಂದು ಮೆಲ್ಲಗೆ ಶುರು ಮಾಡಿದ. “ಮೀನಾ ಅದ, ಹೊಟ್ಟಿ ಅದ, ಎಲ್ಲಾ ಅದ. ಆದ್ರ ದೋಸ್ತ, ಮೀನಾ ಅವರನ್ನ ದಂಡಿಗೆ ಉಗುಳಿತು. ಆಮ್ಯಾಲ ಅವರು ಆ ಊರಿಗೆ ಹೋದ್ರು. ನಿನ್ನ ಪುಸ್ತಕದಾಗ ಆ ಹಾಳಿ ಹರದದೇನು?”

ಹಾಳೆ ಹರಿದಿರಲಿಲ್ಲ. ಜೋಳದ ಗರಿ ಮಾತ್ರ ಅದಕ್ಕಿಂತ ಮೊದಲೇ ನಿಂತಿತ್ತು.

ಮುಂದಿನ ಶ್ರಾವಣ ಬಂತು. ಪಂಚಮಿ ಇನ್ನೇನು ಬಂತು ಎನ್ನುವಾಗ ಯಂಕಪ್ಪ ಆಚೆ ದಂಡೆಯಿಂದ ಸುದ್ದಿ ತಂದ. ದೊಡ್ಡವ್ವ ಅಂಗಳದ ಕೆಸರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಪಟ್ಟಿ ಕಟ್ಟಿ ಮಲಗಿಸಿದ್ದರು. ಆಯಿ ಉಂಡಿಯ ಗಂಟನ್ನು ಬದಿಗೆ ಸರಿಸಿದಳು. ಈ ವರ್ಷ ಯಾರೂ ಹೋಗುವುದು ಬೇಡ, ಕರೆದರೂ ಅವಳು ಬರುವಂತಿಲ್ಲ ಎಂದಳು.

ಇದಕ್ಕಿಂತ ಒಳ್ಳೆಯ ನೆಪ ಮಾವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಪೌಲ ಬೇಡ, ಯೋನ ಬೇಡ, ತಾಯಿಯೇ ಬಿಡುಗಡೆ ಕೊಟ್ಟಿದ್ದಳು! ಮಾವ ಎದ್ದು ಒಳಗೆ ಹೋದ. ಬರುವಾಗ ಅಟ್ಟದ ಮೇಲಿನ ಜೋಕಾಲಿಯ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಆಯಿ ಕಟ್ಟಿಟ್ಟಿದ್ದ ಉಂಡಿಯ ಗಂಟನ್ನು ನನ್ನ ಕೈಗೆ ಕೊಟ್ಟು, “ನಡಿ,” ಎಂದ.

ಆ ಪ್ರಯಾಣವನ್ನು ಏನೆಂದು ಹೇಳಲಿ! ಹರಗೋಲಿಗೆ ನೇರ ಹೋಗಿ ಗೊತ್ತೇ ಇಲ್ಲ, ಗಿರಗಿರನೆ ತಿರುಗುತ್ತಲೇ ಸಾಗಬೇಕು. ಮಾವ ನಟ್ಟನಡುವೆ ಹಲಗೆಯನ್ನು ಅಪ್ಪಿಕೊಂಡು, ಕಾಲು ಮಡಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಮಲಗಿಬಿಟ್ಟ. ಯೋನನೂ ಮಲಗಿದ್ದ, ಇನ್ನೊಂದು ಬಿರುಗಾಳಿಯಲ್ಲಿ ಯೇಸುವೂ ಮಲಗಿದ್ದ, ದೋಣಿಯಲ್ಲಿ ಮಲಗಿದವರಾರೂ ಮುಳುಗಿಲ್ಲವೆಂದು ಮೊದಲೇ ನಮಗೆ ತಿಳಿಸಿದ್ದ. ನಡುಹೊಳೆಯಲ್ಲಿ ಒಂದು ಅಲೆ ಬಂದು ಅವನ ಧೋತರ ತೋಯಿಸಿತು. ಮಾವ ಬಸವಣ್ಣನನ್ನು ಕರೆದ, ಊರ ಹನುಮಪ್ಪನನ್ನು ಕರೆದ, ಖಾಸೀಮಸಾಬನ ಪೀರನನ್ನು ಕರೆದ, ಕೊನೆಗೆ ಆ ನಾವಿಕರನ್ನೇ ಕರೆದ. ಯಂಕಪ್ಪ ಮಾತ್ರ ಒಂದು ಸಲವೂ ಚೇಷ್ಟೆ ಮಾಡದೆ ಹುಟ್ಟು ಹಾಕಿದ.

ದೊಡ್ಡವ್ವ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬಾಗಿಲಲ್ಲಿ ತೊಯ್ದು ನಿಂತ ತಮ್ಮನನ್ನು ನೋಡಿದಳು. ಅವನ ಕಂಕುಳಲ್ಲಿದ್ದ ಹಲಗೆಯನ್ನು ನೋಡಿದಳು.

“ಇದೇನೋ ತಮ್ಮಾ?”

“ಹರಗೋಲಾ ಒಡದ್ರ ಇರಲಿ ಅಂತ.” ಹಲ್ಲು ಕಟಕಟ ಎನ್ನುತ್ತಿದ್ದವು. “ನಿನ್ನ ಕರಿಯಾಕ ಬಂದೇನಿ.”

“ಬರಾಕಾಗಂಗಿಲ್ಲ ಅಂತ ಗೊತ್ತಾದ ಮ್ಯಾಲ ಕರಿಯಾಕ ಬಂದಿ. ಭಾಳ ಶಾಣ್ಯಾ ಅದಿ,” ಎಂದಳು ದೊಡ್ಡವ್ವ. ಪಕ್ಕಕ್ಕೆ ಕೂಡಿಸಿಕೊಂಡು ಸೆರಗಿನಿಂದ ಅವನ ತಲೆ ಒರೆಸತೊಡಗಿದಳು. ಮಾವನ ಅರ್ಧ ತಲೆ ಆಗಲೇ ಬೋಳಾಗಿತ್ತು.

ಅಂದೇ ಭೀಮೆ ಇನ್ನಷ್ಟು ಏರಿದಳು, ಯಂಕಪ್ಪ ಹರಗೋಲು ಮಗುಚಿಟ್ಟ. ಕರೆಯಲು ಬಂದ ತಮ್ಮ ಅಕ್ಕನ ಮನೆಯಲ್ಲಿಯೇ ಪಂಚಮಿ ಮಾಡಿದ. ತೊಲೆಗೆ ಹಗ್ಗ ಕಟ್ಟಿ, ಹಲಗೆ ಇಟ್ಟು, ಮುರಿದ ಕಾಲಿಗೆ ದಿಂಬು ಕೊಟ್ಟು ದೊಡ್ಡವ್ವನನ್ನು ಕೂಡಿಸಿದೆವು. ನೀರು ಇಳಿದ ಮೇಲೆ ಮರಳಿ ಬಂದಾಗ ಕಟ್ಟೆಯ ಮೇಲೆ ಖಾಸೀಮಸಾಬ ಮೊದಲು ಕೇಳಿದ್ದು, ಮೀನಿನ ಹೊಟ್ಟೆಯಲ್ಲಿ ಇಷ್ಟು ದಿನ ಏನು ಮಾಡಿದೆ ಎಂದು.

“ಉಂಡಿ ತಿಂದೆ,” ಎಂದ ಮಾವ.

ಆದರೆ ಹಲಗೆ ಎಲ್ಲಿ? ಬರುವಾಗಲೂ ಹರಗೋಲಿನಲ್ಲಿಯೇ ಬಂದಿದ್ದ, ಕೈ ಮಾತ್ರ ಖಾಲಿ ಇದ್ದವು. ಆಯಿ ಕೇಳಿದ್ದಕ್ಕೆ, ಅಲ್ಲಿ ಇರಲಿ ಬಿಡು ಎಂದನಂತೆ.

ಆ ಬೇಸಿಗೆಯಲ್ಲಿ ಭೀಮೆ ಒಣಗಿ ಉಸುಕಾದಾಗ ಒಂದು ಗಾಡಿ ಹೊಳೆ ದಾಟಿ ಬಂದು ನಮ್ಮ ಮನೆಯ ಮುಂದೆ ನಿಂತಿತು. ಯಾರೂ ಕರೆಯಲು ಹೋಗಿರಲಿಲ್ಲ. ದೊಡ್ಡವ್ವ ಕೋಲೂರಿ ಇಳಿದಳು. ಹಲಗೆ ಅವಳ ಕಂಕುಳಲ್ಲಿತ್ತು. ಅದನ್ನು ಮಾವನ ಕೈಗೆ ಕೊಟ್ಟಳು. ಊರಿಗೆ ಊರೇ ನಗುತ್ತಿದ್ದರೂ ಮಾವ ಉರಿಬಿಸಿಲಿನಲ್ಲಿ, ಹಬ್ಬವಿಲ್ಲ ಹುಣ್ಣಿವೆಯಿಲ್ಲ, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ. ದೊಡ್ಡವ್ವ ಕುಳಿತಳು, ಅವನು ಹಿಂದೆ ನಿಂತು ತೂಗಿದ.

“ಸಾವಕಾಶ ತೂಗೋ, ಅಂಜಿಕಿ ಬರತೈತಿ.”

“ಕಣ್ಣ ಮುಚಗೋ ಅಕ್ಕಾ,” ಎಂದ ಮಾವ. “ನಾನೂ ಹಂಗ ಬಂದೆ.”