ಗಿಲಕಿ ಕಚ್ಚುವ ಯಜಮಾನರು

ಕಾರ್ತಿಕ ಮಾಸವಿಡೀ ಔತಣದ ಮೇಲೆ ಔತಣಕ್ಕೆ ಹೋಗಿ, ತಿಂಗಳ ಕೊನೆಗೆ ಸೊಂಟದಲ್ಲಿ ಪಂಚೆ ನಿಲ್ಲದಷ್ಟು ಸೊರಗಿಹೋದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ಮಾವ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವರು. ಬೊಂಬೆ ಕೆಲಸದವರದೊಂದು ಸಂಘ ಅಲ್ಲಿತ್ತು. ಅದು ಎಷ್ಟು ಹಳೆಯದೆಂದು ಯಾರನ್ನು ಕೇಳಿದರೂ ‘ನಮ್ಮ ತಾತನ ಕಾಲಕ್ಕೇ ಹಳೇದಾಗಿತ್ತು’ ಎನ್ನುತ್ತಿದ್ದರು. ಕಾರ್ತಿಕ ಬಂತೆಂದರೆ ಸಂಘಕ್ಕೆ ತಿಂಗಳಿಡೀ ಹಬ್ಬ. ಮೊದಲ ದಿನ ಬೊಂಬೆ ಕಡೆಯುವ ಲೇತುಗಳಿಗೆ ಪೂಜೆ, ಆಮೇಲೆ ಸದಸ್ಯರ ಮನೆಗಳಲ್ಲಿ ಸರದಿಯ ಊಟ, ಕೊನೆಯ ದಿನ ಆಸ್ಪತ್ರೆಯ ಹಸುಗೂಸುಗಳಿಗೆಲ್ಲ ಮರದ ಗಿಲಕಿ ದಾನ, ಅಂದೇ ಸಂಜೆ ದೊಡ್ಡ ಊಟ. ಎಲ್ಲವನ್ನೂ ಮುಂದೆ ನಿಂತು ನಡೆಸುವವರು ಆ ವರ್ಷದ ಯಜಮಾನರು. ಯಜಮಾನಿಕೆ ಮನೆಯಿಂದ ಮನೆಗೆ ಬರುತ್ತದೆ. ಮೀಸೆ ಚಿಗುರಿದಾಗಿನಿಂದ ಕಾದಿದ್ದ ಮಾವನಿಗೆ ಅದು ಬಂದದ್ದು ಮೀಸೆ ಬೆಳ್ಳಗಾದ ಮೇಲೆ.

ಬಂತು ಸರಿ, ಜೊತೆಗೆ ಒಂದು ತೊಡಕನ್ನೂ ತಂದಿತು. ಗಿಲಕಿ ಹಂಚುವ ಮೊದಲು ಯಜಮಾನರು ತಾಯಂದಿರ ಎದುರು ಒಂದನ್ನು ಕಚ್ಚಿ ತೋರಿಸಬೇಕು. ಕೂಸಿನ ಕೈಗೆ ಹೋದದ್ದು ಬಾಯಿಗೆ ಹೋಗದೆ ಇರುತ್ತದೆಯೇ? ಬಣ್ಣ ಬಿಡುವುದಿಲ್ಲ, ಮೇಲೆ ಹಿಡಿದ ಅರಗು ಏಳುವುದಿಲ್ಲ ಎಂದು ಯಜಮಾನರ ಹಲ್ಲೇ ಸಾಕ್ಷಿ ಹೇಳಬೇಕು. ಮಾವನ ಬಾಯಲ್ಲಿ ಆಗ ಉಳಿದಿದ್ದದ್ದು ಎರಡೇ ಹಲ್ಲು, ಮೇಲೊಂದು, ಕೆಳಗೊಂದು. ದೇವರು ದೊಡ್ಡವನು, ಅವು ಎದುರುಬದುರಾಗಿದ್ದವು!

ಸಂಘದ ಕಾರ್ಯದರ್ಶಿ ಲೇತು ಬಿಟ್ಟು ಬಿಡದಿಯ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಿದ್ದವರು. ಪೇಟೆಯ ತುಂಬ ಪ್ಲಾಸ್ಟಿಕ್ ಆಟಿಕೆ ಬಂದು ಸುರಿದಿದ್ದ ಕಾಲ ಅದು. ಈ ಕಚ್ಚುವ ಕಾಟವೆಲ್ಲ ಯಾಕೆ, ಪ್ಲಾಸ್ಟಿಕ್ ಗಿಲಕಿ ಹಂಚಿ ಕೈ ತೊಳೆದುಕೊಳ್ಳೋಣ ಎಂದು ಅವರ ವಾದ. ಸಭೆಯಲ್ಲಿ ದೊಡ್ಡ ರಂಪವಾಗಿ ಕೊನೆಗೆ ಒಂದು ತೀರ್ಮಾನವಾಯಿತು. ಮಾವ ಕಚ್ಚಿದರೆ ಮರದ್ದು, ಕಚ್ಚಲಾಗದಿದ್ದರೆ ಈ ವರ್ಷದಿಂದಲೇ ಪ್ಲಾಸ್ಟಿಕ್ಕು.

ರಾಮನಗರಕ್ಕೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬರೋಣ ಎಂದೆ ನಾನು. ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಪ್ಲಾಸ್ಟಿಕ್ ಹಲ್ಲಲ್ಲಿ ಮರ ಕಚ್ಚುದ್ರೆ ಗೆದ್ದಿದ್ದು ಯಾವುದ್ಲಾ?”

ಅಂದಿನಿಂದ ಆ ಎರಡು ಹಲ್ಲುಗಳ ಜೋಪಾನ ಶುರುವಾಯಿತು. ಲೇತು ಪೂಜೆಗೆ ಮಾವ ದವಡೆಗೆ ಮಫ್ಲರು ಸುತ್ತಿಕೊಂಡೇ ಬಂದರು. ತಣ್ಣನೆ ಗಾಳಿಗೆ ಹಲ್ಲು ಸಡಿಲವಾದೀತು ಎಂಬ ಭಯ! ಯಜಮಾನರಿಗೆ ಮಂಗನಬಾವು ಅಂತೆ ಎಂದು ಸುದ್ದಿ ಹಬ್ಬಿ, ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಂಗಳಾರತಿ ತೆಗೆದುಕೊಂಡರು. ಪೂಜೆಗೆ ಬಂದಿದ್ದ ಅಧಿಕಾರಿಯೊಬ್ಬರು ಭಾಷಣದಲ್ಲಿ, ಎಷ್ಟೇ ಕಷ್ಟ ಬಂದರೂ ಹಲ್ಲು ಕಚ್ಚಿಕೊಂಡು ಈ ಕಲೆಯನ್ನು ಉಳಿಸಬೇಕು ಎಂದರು. ಮಾವ ಎದ್ದು ನಿಂತು, ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ ಸ್ವಾಮಿ ಎಂದು ಕೈ ಮುಗಿದರು.

ಊಟಗಳ ಕತೆಯಂತೂ ಕೇಳಬೇಡಿ. ಚಕ್ಕುಲಿ, ಕೋಡುಬಳೆ ಬಡಿಸಿದರೆ ಮಾವನ ಟವೆಲ್ಲಿಗೆ ಹೋಗುತ್ತಿದ್ದವು. ಒಬ್ಬಟ್ಟನ್ನು ಹಾಲಿನಲ್ಲಿ ನೆನೆಹಾಕಿ, ಅದು ನೆನೆಯುವಷ್ಟರಲ್ಲಿ ಪಂಕ್ತಿಯೇ ಎದ್ದುಹೋಗಿ, ಎಂಜಲೆಲೆ ತೆಗೆಯುವವರು ಮಾವನ ಎಲೆಯನ್ನೂ ತೆಗೆದುಬಿಡುತ್ತಿದ್ದರು. ಅವರು ಹೊಟ್ಟೆ ತುಂಬ ಉಂಡದ್ದು ಸೋಲೂರಿನಲ್ಲಿ, ಮರ ಒದಗಿಸುವ ಸದಸ್ಯರೊಬ್ಬರ ಮನೆಯಲ್ಲಿ ಮಾತ್ರ. ಅಲ್ಲಿ ಮುದ್ದೆ, ಅವರೆಕಾಳು ಸಾರು. ಮುದ್ದೆ ನುಂಗುವ ಪದಾರ್ಥ, ಅಗಿಯುವುದಲ್ಲ ತಾನೇ! ಮಿಕ್ಕ ದಿನಗಳಲ್ಲಿ ಔತಣ ಮುಗಿಸಿ ಬಂದವರಿಗೆ ಅತ್ತೆ ರಾಗಿ ಗಂಜಿ ಕಾಯಿಸಿ ಕೊಡುತ್ತಿದ್ದರು, ಬೈಯುತ್ತಲೇ ಕೊಡುತ್ತಿದ್ದರು. ನಾನು ಬಲ್ಲಂತೆ ಅತ್ತೆ ಬೈಯದೆ ಮಾಡುತ್ತಿದ್ದ ಕೆಲಸ ಒಂದೇ. ಮಾವ ಕಡೆದುಕೊಟ್ಟ ಬೊಂಬೆಗಳಿಗೆ ಅರಿಶಿನ, ನೀಲಿ ಕಲಸಿದ ಅರಗು ಹಿಡಿಯುವುದು. ಆಗ ಅವರ ಬಾಯಿಗೂ ಅರಗು ಹಾಕಿದಂತಿರುತ್ತಿತ್ತು.

ಹೀಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳ ಸೈನ್ಯದಿಂದೆಲ್ಲ ಪಾರಾಗಿ ಬಂದ ಆ ಮೇಲಿನ ಹಲ್ಲು ಬಿದ್ದದ್ದು ಎಲ್ಲಿ ಗೊತ್ತೇ? ಕೊನೆಯ ದಿನ ಬೆಳಗ್ಗೆ, ಮನೆಯಲ್ಲಿ, ಬಾಳೆಹಣ್ಣಿನಲ್ಲಿ! ಅದೂ ಕಳಿತ ಹಣ್ಣು. ಮಾವ ಹಣ್ಣಿನೊಳಗೆ ನಿಂತಿದ್ದ ಹಲ್ಲನ್ನು ಬಹಳ ಹೊತ್ತು ನೋಡಿದರು. ನಗು ತಡೆಯಲು ನಾನು ಹಿತ್ತಿಲಿಗೆ ಓಡಿದೆ. ವಾಪಸ್ಸು ಬಂದಾಗ ಅವರು ಯಜಮಾನಿಕೆಯ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ನಗು ಅಲ್ಲೇ ಇಂಗಿತು.

ಆಸ್ಪತ್ರೆಯಲ್ಲಿ ಬಾಣಂತಿಯರು ಹಾಸಿಗೆಗಳ ಮೇಲೆ ಕಾದಿದ್ದರು. ಕಾರ್ಯದರ್ಶಿಗಳು ಪ್ಲಾಸ್ಟಿಕ್ ಗಿಲಕಿಗಳ ಚೀಲ ಹಿಡಿದೇ ಬಂದಿದ್ದರು. ಮಾವ ಪೇಟ ಸುತ್ತಿ, ಹಳದಿ ಗಿಲಕಿ ಕೈಯಲ್ಲಿ ಹಿಡಿದು, ಬಾಯಿ ಬಿಗಿದುಕೊಂಡು ನಿಂತರು. ಕಾರ್ಯದರ್ಶಿಗಳು ಕೆಮ್ಮಿ, ಹೊತ್ತಾಗುತ್ತಿದೆ ಎಂದರು. ಮಾವನ ಕೈ ಮೇಲೇಳಲಿಲ್ಲ.

ಬಾಗಿಲ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು, ಸೀದಾ ಬಂದು ಮಾವನ ಕೈಯಿಂದ ಗಿಲಕಿ ತೆಗೆದುಕೊಂಡರು.

“ಕಡ್ದೋರು ಇವ್ರು. ಬಣ್ಣ ಹಿಡ್ದೋಳು ನಾನು. ಬಣ್ಣ ಬುಟ್ರೆ ತಪ್ಪು ನಂದು ತಾನೆ? ನಾನೇ ಕಚ್ತೀನಿ.”

ಹೆಂಗಸರು ಕಚ್ಚುವ ಪದ್ಧತಿ ಇಲ್ಲ ಎಂದರು ಕಾರ್ಯದರ್ಶಿಗಳು. ಅತ್ತೆ ಅವರನ್ನೇ ನೋಡುತ್ತ ಕಟಕ್ಕನೆ ಕಚ್ಚಿದರು. ಅವರ ಅಷ್ಟೂ ಹಲ್ಲುಗಳು ಗಟ್ಟಿಯಾಗಿದ್ದವು, ಬೈದೂ ಬೈದೂ ಪಳಗಿದ್ದವು. ತುಟಿ ಸರಿಸಿ ತೋರಿಸಿದರು, ಒಂದು ಚೂರು ಹಳದಿಯಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹಾರೋಹಳ್ಳಿ ಕಡೆಯ ಬಾಣಂತಿಯೊಬ್ಬಳು ಮೊದಲು ಕೈ ನೀಡಿ, ನಂಗೆ ಮರದ್ದೇ ಕೊಡಿ ಅಕ್ಕ ಎಂದಳು. ಬುಟ್ಟಿ ಖಾಲಿಯಾಗುವವರೆಗೂ ಕಾರ್ಯದರ್ಶಿಗಳ ಚೀಲದ ಬಾಯಿ ಬಿಚ್ಚಲಿಲ್ಲ.

ಸಂಜೆ ದೊಡ್ಡ ಊಟ. ಮೊದಲ ಪಂಕ್ತಿಯ ಮೊದಲ ಎಲೆ ಯಜಮಾನರದು. ಬಣ್ಣ ಹಿಡಿಯುವ ಹೆಂಗಸರು ಕೊನೆಯ ಪಂಕ್ತಿಯಲ್ಲಿ ಕೂರುವುದು ರೂಢಿ. ಮಾವ ಅಡಿಗೆಮನೆಗೆ ಹೋಗಿ ಅತ್ತೆಯ ಕೈಹಿಡಿದು ಕರೆತಂದು, ಎಲ್ಲರೂ ನೋಡುತ್ತಿದ್ದಂತೆ ಆ ಮೊದಲ ಎಲೆಯ ಮುಂದೆ ಕೂರಿಸಿದರು. ತಮ್ಮ ಪೇಟ ತೆಗೆದು ಅತ್ತೆಯ ಪಕ್ಕದಲ್ಲಿಟ್ಟು, ಸೊಂಟಕ್ಕೆ ಟವೆಲ್ ಬಿಗಿದು ತಾವೇ ಬಡಿಸಲು ನಿಂತರು. ಅತ್ತೆ ಬೈಯಲಿಲ್ಲ. ಒಂದು ತುತ್ತು ಬಾಯಿಗಿಟ್ಟವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಏನಾಯ್ತೇ ಎಂದು ಮಾವ ಬಗ್ಗಿ ಕೇಳಿದರು.

“ಒಸಿ ಖಾರ ಜಾಸ್ತಿ ಆಗೈತೆ,” ಅಂದರು ಅತ್ತೆ.

ಎಲೆಗೆ ಆಗಿನ್ನೂ ಪಾಯಸ ಮಾತ್ರ ಬಿದ್ದಿತ್ತು.